ನೆಂಟರೆದುರು ತಡವರಿಸುವ ಕಂಪ್ಯೂಟರ್

ನಾಲ್ಕು ಜನ ಸೇರಿದ ಕಡೆ ನನಗೆ ಮಾತು ಬರುವುದಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುವಾಗ ಹೇಗೋ ನಡೆದುಹೋಗುತ್ತದೆ, ಬೋರ್ಡಿನ ಮೇಲಿನ ಸೂತ್ರಗಳು ನನ್ನನ್ನು ಅಷ್ಟಿಷ್ಟು ಮರೆಮಾಡುತ್ತವೆ. ಮನೆಗೆ ನೆಂಟರು ಬಂದರೆ ಮಾತ್ರ, ಒಬ್ಬಳೇ ಇದ್ದಾಗ ಸರಾಗವಾಗಿ ಹೇಳಿಕೊಂಡ ವಾಕ್ಯ ಎರಡನೆಯ ಪದಕ್ಕೇ ಸಿಕ್ಕಿಕೊಳ್ಳುತ್ತದೆ. ಇದು ಮನುಷ್ಯರಿಗಷ್ಟೇ ಇರುವ ಕಾಯಿಲೆ ಎಂದುಕೊಂಡಿದ್ದೆ. ನಮ್ಮ ಚಿಕ್ಕಬಳ್ಳಾಪುರದ ಮನೆಯಲ್ಲಿ ಕಂಪ್ಯೂಟರನ್ನು ಟಿವಿಗೆ ಜೋಡಿಸಿದ ಮೇಲೆ, ಯಂತ್ರಗಳಿಗೂ ಇರಬಹುದೆಂಬ ಅನುಮಾನ ಶುರುವಾಯಿತು.

ಜೋಡಿಸಿದ್ದು ನನ್ನ ಹಟದಿಂದಲೇ. ಹಳೆಯ ಡಿವಿಡಿ ಪ್ಲೇಯರ್ ಕೆಟ್ಟಾಗ ಅಮ್ಮ ಹೊಸದೊಂದು ತರೋಣ ಎಂದಳು. "ಯಾಕಮ್ಮ ಸುಮ್ನೆ? ಕಂಪ್ಯೂಟರಲ್ಲೇ ಎಲ್ಲಾ ಆಗುತ್ತೆ" ಎಂದು ನಾನು ಜಂಬದಿಂದ ಹೇಳಿದೆ. ಟಿವಿ ಸ್ಟ್ಯಾಂಡಿನ ಕೆಳಗಿನ ಬೀರುವಿನಲ್ಲಿ ಸಿಪಿಯು ಇಟ್ಟು, ಉದ್ದನೆಯ ಕೇಬಲ್ ಎಳೆದು, ಅಕ್ಕನ ಮದುವೆಯ ಡಿವಿಡಿಗಳನ್ನೆಲ್ಲ ಅದರೊಳಗೆ ತುಂಬಿಸಿದೆ. ಆ ಮದುವೆಯೇ ಈ ಎಲ್ಲ ತಾಪತ್ರಯಕ್ಕೂ ಕಾರಣ.

ದಿಬ್ಬೂರಹಳ್ಳಿಯ ನಮ್ಮ ದೊಡ್ಡಮ್ಮನಿಗೆ, ಎಂದರೆ ಅಮ್ಮನ ಅಕ್ಕನಿಗೆ, ಆ ಮದುವೆಗೆ ಬರಲಾಗಿರಲಿಲ್ಲ. ಅಕ್ಕ ಹೈಸ್ಕೂಲು ಓದಿದ್ದೆಲ್ಲ ಅವರ ಮನೆಯಲ್ಲೇ. ಜಡೆ ಹೆಣೆದು ಕಳಿಸುತ್ತಿದ್ದವರು ಅವರೇ. ಆದರೆ ಮುಹೂರ್ತದ ದಿನವೇ ಅವರ ಮನೆಯ ರೇಷ್ಮೆ ಹುಳ ಹಣ್ಣಾದವು. ಹಣ್ಣಾದ ಹುಳವನ್ನು ಆ ಹೊತ್ತಿಗೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ಲಗ್ನಪತ್ರಿಕೆ ತೋರಿಸಿ ಒಂದು ದಿನ ತಡೆದುಕೊಳ್ಳಿ ಎಂದರೆ ಅವು ಕೇಳುವುದಿಲ್ಲ. ದೊಡ್ಡಪ್ಪ ಮದುವೆಗೆ ಬಂದರು, ದೊಡ್ಡಮ್ಮ ಹುಳದ ಜೊತೆ ಉಳಿದರು. ಮುಂದಿನ ಬೆಳೆಗೆ ಮರಿ ಹುಳ ತರುವ ಮೊದಲು ಅವರಿಗೆ ಬಿಡುವಿದ್ದದ್ದು ಒಂದೇ ಭಾನುವಾರ. "ಧಾರೆ ಒಂದನ್ನ ಸರಿಯಾಗಿ ನೋಡಿಬಿಟ್ರೆ ಸಾಕಮ್ಮ" ಎಂದು ಫೋನಿನಲ್ಲಿ ಹೇಳಿದ್ದರು.

ಅದಕ್ಕೆ ಮೂರು ವಾರ ಮೊದಲು ನಾನು ಒಬ್ಬಳೇ ಕೂತು ಪರೀಕ್ಷಿಸಿದೆ. ಚಿತ್ರ ಎಣ್ಣೆ ಹಚ್ಚಿದಂತೆ ಓಡಿತು. ಸಂಜೆ ಅಮ್ಮನನ್ನು ಕರೆದು ಕೂರಿಸಿದೆ. ಹತ್ತೇ ನಿಮಿಷಕ್ಕೆ ಪುರೋಹಿತರು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ವಾದ್ಯದವರು ಮುಂದೆ ಹೋದರು, ಕೈ ಇಳಿಯಲಿಲ್ಲ. ಆಮೇಲೆ ಎಲ್ಲರೂ ಹೆದರಿದವರ ಹಾಗೆ ಗಕ್ಕನೆ ಮುಂದಕ್ಕೆ ನೆಗೆದರು. ನಾನು ಪ್ಲೇಯರ್ ಬದಲಿಸಿದೆ, ಡ್ರೈವರ್ ಬದಲಿಸಿದೆ, ಚಿತ್ರದ ಅಳತೆ ತಗ್ಗಿಸಿದೆ, ಆಂಟಿವೈರಸ್ ನಿಲ್ಲಿಸಿದೆ. ಓದಿದ ವಿದ್ಯೆ ಸುಮ್ಮನಿರಲು ಬಿಡುತ್ತದೆಯೇ? ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪ್ರತಿ ಪ್ರಯೋಗವನ್ನೂ ಬರೆದಿಟ್ಟೆ. ಕೊನೆಗೆ ಆ ಕೋಷ್ಟಕ ಹೇಳಿದ್ದು ಒಂದೇ ಮಾತು: ನಾನೊಬ್ಬಳೇ ಇದ್ದರೆ ಓಡುತ್ತದೆ, ಅಮ್ಮ ಕೂತರೆ ನಿಲ್ಲುತ್ತದೆ.

"ನನ್ನ ಕಂಡ್ರೆ ಆಗಲ್ವೇನೇ ಅದಕ್ಕೆ?" ಎಂದಳು ಅಮ್ಮ.

"ಸ್ವಲ್ಪ ಸಂಕೋಚ ಇರಬೇಕಮ್ಮ."

"ನಿನ್ನ ಕೈಲಿ ಬೆಳೆದಿದೆಯಲ್ಲ, ಇನ್ನೇನಾಗುತ್ತೆ."

ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಹೊಸ ಸೀರೆ ಉಟ್ಟು, ಮದುವೆಗೇ ಬಂದವರ ಹಾಗೆ ಹೂ ಮುಡಿದು ಬಂದರು. ಕುರ್ಚಿ ಬೇಡವೆಂದು ಟಿವಿಯ ಪಕ್ಕಕ್ಕೇ ಚಾಪೆ ಎಳೆದುಕೊಂಡರು. ಅಕ್ಕ ಮಂಟಪಕ್ಕೆ ನಡೆದು ಬರುವವರೆಗೆ ಎಲ್ಲ ಚೆನ್ನಾಗಿತ್ತು. ಧಾರೆಗೆ ಇನ್ನೇನು ತಂಬಿಗೆ ಬಗ್ಗಬೇಕು, ಚಿತ್ರ ನಿಂತಿತು. ನಾನು ಕೀಬೋರ್ಡ್ ಹಿಡಿದು ಬೆವತೆ. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮ ತಮ್ಮ ಮಂಡಿಗೆ ತಾಗಿದ್ದ ಬೀರುವಿನ ಬಾಗಿಲನ್ನು ಅಂಗೈಯಿಂದ ಮುಟ್ಟಿ ನೋಡಿದರು.

"ಏನೇ ಇದು, ಒಳಗೆ ಒಲೆ ಇಟ್ಟಿದ್ದೀರ?"

"ಕಂಪ್ಯೂಟರ್ ಇದೆ ದೊಡ್ಡಮ್ಮ."

"ಉಸಿರಾಡೋದು ಬೇಡ್ವ ಅದಕ್ಕೆ? ಮರಿ ಹುಳ ಆದ್ರೆ ಮುಚ್ಚಿಡಬೇಕು, ಸರಿ. ಇಷ್ಟು ದಪ್ಪ ಬೆಳೆದಿರೋದನ್ನ ಯಾಕಮ್ಮ ಮುಚ್ಚಿದ್ದೀಯ? ನಮ್ಮನೇಲಿ ಹಿಂಗೆ ಮಾಡಿದ್ರೆ ಬೆಳೆ ಎತ್ತಿ ತಿಪ್ಪೆಗೆ ಹಾಕಬೇಕಿತ್ತು" ಎಂದು ಬಾಗಿಲು ತೆರೆದು, ಟೇಬಲ್ ಫ್ಯಾನನ್ನು ಅತ್ತ ತಿರುಗಿಸಿದರು.

ಆಗ ನನಗೆ ಹೊಳೆಯಿತು. ಒಬ್ಬಳೇ ಇದ್ದಾಗ ನಾನು ಬೀರುವಿನ ಬಾಗಿಲು ತೆರೆದಿಟ್ಟು ಕೂರುತ್ತಿದ್ದೆ. ಅಮ್ಮನೇ ಆಗಲಿ, ಬೇರೆ ಯಾರು ಬಂದು ಕೂತರೂ, ಮನೆ ರಿಪೇರಿ ಅಂಗಡಿಯ ಹಾಗೆ ಕಾಣಬಾರದೆಂದು ನಾನೇ ಎದ್ದು ಹೋಗಿ ಮುಚ್ಚುತ್ತಿದ್ದೆ. ಬಿಸಿ ಹೆಚ್ಚಾದರೆ ಈ ಯಂತ್ರಗಳು ಸುಟ್ಟುಹೋಗದಿರಲು ತಾವಾಗಿಯೇ ನಿಧಾನವಾಗುತ್ತವಂತೆ. ನನ್ನ ಕೋಷ್ಟಕದಲ್ಲಿ ಬಾಗಿಲಿಗೆ ಒಂದು ಕಾಲಂ ಇರಲಿಲ್ಲ.

ಕಾಫಿ ಆಗುವಷ್ಟರಲ್ಲಿ ಯಂತ್ರ ತಣ್ಣಗಾಯಿತು. ನೀರು ಒಂದೇ ಧಾರೆಯಾಗಿ, ಎಲ್ಲೂ ತುಂಡಾಗದೆ ಬಿತ್ತು. "ನಿಲ್ಸಮ್ಮ" ಎಂದರು ದೊಡ್ಡಮ್ಮ. ನಿಲ್ಲಿಸಿದೆ. ಅವರು ಅಕ್ಕನ ಮುಖವನ್ನು ನೋಡುತ್ತ ತುಂಬ ಹೊತ್ತು ಕೂತರು. "ಜಡೆ ಯಾರು ಹಾಕಿದ್ದು? ಸ್ವಲ್ಪ ಸಡಿಲ ಆಗಿದೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹ್ಞೂ, ಬಿಡು ಈಗ."

ಅಲ್ಲಿಂದ ಶುರುವಾಯಿತು. ಆ ಸೀರೆ ಯಾರದು, ನಿಲ್ಸು. ಬೀಗಿತ್ತಿಯ ಓಲೆ ಕಾಣಲಿಲ್ಲ, ನಿಲ್ಸು. ಚಿತ್ರ ನಿಲ್ಲಬಾರದೆಂದು ಮೂರು ವಾರ ಒದ್ದಾಡಿದವಳು ಇಡೀ ಮಧ್ಯಾಹ್ನ ಸ್ಪೇಸ್ ಬಾರ್ ಒತ್ತಿ ನಿಲ್ಲಿಸುತ್ತ ಕೂತೆ. ಅದರಲ್ಲೂ ಒಂದು ಸುಖವಿತ್ತು, ಊಟದ ಪಂಕ್ತಿ ಬರುವವರೆಗೆ. ಅಲ್ಲಿ ಬಾಯಿತುಂಬ ಹೋಳಿಗೆ ಇಟ್ಟುಕೊಂಡು, ಕ್ಯಾಮೆರಾದವನನ್ನು ಎಡಗೈಯಿಂದ ಓಡಿಸುತ್ತ ನಾನು ಕಾಣಿಸಿಕೊಂಡೆ.

"ಇವಳನ್ನ ನಿಲ್ಸು, ನಿಲ್ಸು" ಎಂದರು ದೊಡ್ಡಮ್ಮ.

"ಕೀ ಯಾಕೋ ಕೆಲಸ ಮಾಡ್ತಿಲ್ಲ ದೊಡ್ಡಮ್ಮ" ಎಂದೆ.

ಅಲ್ಲಿಯವರೆಗೆ ಕಂಪ್ಯೂಟರನ್ನು ಬೆರಳಿನಿಂದಲೂ ಮುಟ್ಟಿರದ ಅಮ್ಮ ಪಕ್ಕದಿಂದ ಕೈ ಚಾಚಿ, ಸರಿಯಾಗಿ ಅದೇ ಕೀ ಒತ್ತಿದಳು. ಇಬ್ಬರೂ ಎರಡನೆಯ ಸುತ್ತಿನ ಕಾಫಿ ಕುಡಿದು, ನನ್ನ ಮದುವೆಯ ವಿಚಾರ ಮಾತಾಡಿ ಮುಗಿಸುವವರೆಗೆ, ನಾನು ಇಪ್ಪತ್ತೊಂದು ಇಂಚಿನ ಪರದೆಯ ಮೇಲೆ ಕೆನ್ನೆ ಉಬ್ಬಿಸಿಕೊಂಡು, ಒಂದಿಷ್ಟೂ ಅಲುಗಾಡದೆ ಕೂತಿದ್ದೆ.