ಮೋಟಾರ್ ಮನೆಯ ಮಾತ್ರೆ

ಜುಲೈ ಹದಿನಾಲ್ಕು, ಸೋಮವಾರ. ಬೆಳಿಗ್ಗೆ ತುಂತುರು, ಹತ್ತರ ಮೇಲೆ ಬಿಸಿಲು.

ತಿಪಟೂರಿನ ಸಣ್ಣ ಕ್ಲಿನಿಕ್ಕೊಂದರಲ್ಲಿ ಔಷಧಿ ನೋಡಿಕೊಳ್ಳುವವನು ನಾನು. ರೋಗಿಯ ರಕ್ತದಲ್ಲಿ ಮದ್ದು ಎಷ್ಟಿದೆ, ತೂಕವೆಷ್ಟು, ಮಾತ್ರೆ ನುಂಗಿದ್ದು ಯಾವಾಗ ಎಂದು ತುಂಬಿದರೆ, ಮುಂದೆ ಎಷ್ಟು ಕೊಡಬಹುದೆಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಡಾಕ್ಟರು ನೋಡಿ ಬರೆಯುತ್ತಾರೆ. ಲೆಕ್ಕ ಕಂಪ್ಯೂಟರಿನದು, ಅದಕ್ಕೆ ತುಂಬುವ ಉತ್ತರ ಮನುಷ್ಯರದು. ಹಾಗಾಗಿ ತಮಾಷೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಇವತ್ತು ಬಂದಿದ್ದ ದಂಪತಿಯ ಖಾತೆಯಲ್ಲೇ ನಾಲ್ಕಿವೆ.

ಗಂಡ ದಂಡಿನಶಿವರದ ಕಡೆಯ ತೆಂಗು ಬೆಳೆಗಾರ. ಕಳೆದ ವರ್ಷ ಹೆಂಡತಿ ತನ್ನದೊಂದು ಕಿಡ್ನಿ ಕೊಟ್ಟಳು. ಅವನ ಮೈ ಅದನ್ನು ತಳ್ಳಿಹಾಕದಂತೆ ಹನ್ನೆರಡು ಗಂಟೆಗೊಂದು ಮಾತ್ರೆ. ಮದ್ದು ಕಮ್ಮಿಯಾದರೂ ಕಿಡ್ನಿಗೆ ಕುತ್ತು, ಹೆಚ್ಚಾದರೂ ಕುತ್ತು.

೧

ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೆ ಬರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮೊದಲ ಸಲ ನುಂಗಿಕೊಂಡೇ ಬಂದ.

“ಬೇಡ ಅಂದಿದ್ದೆನಲ್ಲಪ್ಪ?”

“ಡಾಕ್ಟ್ರ ಮುಂದೆ ಮಾತ್ರೆ ನುಂಗ್ದೆ ನಿಂತ್ರೆ ಮರ್ಯಾದೆ ಇರುತ್ತಾ ಸಾರ್? ಬಸ್ ಸ್ಟ್ಯಾಂಡಲ್ಲೇ ನುಂಗ್ದೆ.”

೨

ತೂಕ ಕೇಳಿದೆ.

“ಐವತ್ತೆಂಟು. ಚೀಲ ಕಳೆದು.”

“ಯಾವ ಚೀಲ?”

“ಕೊಬ್ಬರಿ ಮಂಡಿ ತಕ್ಕಡೀಲಿ ನಿಂತಿದ್ದೆ. ಪಂಚೆ, ಶರ್ಟು, ಚಪ್ಲಿಗೆ ಅಂತ ಎರಡು ಕೆಜಿ ಅವ್ರೇ ಮುರ್ಕೊಂಡ್ರು.”

೩

ಆಮೇಲಿನ ತಿಂಗಳುಗಳಲ್ಲಿ ನಗು ನಿಂತಿತು. ಒಂದು ವರದಿಯಲ್ಲಿ ಮದ್ದು ಏರಿದರೆ ಇನ್ನೊಂದರಲ್ಲಿ ನೆಲ ಕಚ್ಚಿರುತ್ತಿತ್ತು. ಪರದೆಯ ಮೇಲೆ ಕೆಂಪು ಗೆರೆ. ಡಾಕ್ಟರು, “ಹೀಗೇ ಆದರೆ ಕಿಡ್ನಿ ಉಳಿಯಲ್ಲ” ಎಂದರು. ಹೆಂಡತಿ ಗಂಡನ ಕಡೆ ತಿರುಗಿದಳು.

“ಲೆಕ್ಕ ಕೊಡು. ನನ್ ಕಿಡ್ನಿ ಕಣಯ್ಯಾ ಅದು.”

“ಒಂದು ಮಾತ್ರೇನೂ ತಪ್ಪಿಸಿಲ್ಲ ಕಣೇ! ಕರೆಂಟ್ ಬಂದಾಗ ಒಂದು, ಹೋದಾಗ ಒಂದು.”

ನಾನು ಕೀಬೋರ್ಡಿನಿಂದ ಕೈ ತೆಗೆದೆ. ಮಾತ್ರೆ ಡಬ್ಬಿ ಇದ್ದದ್ದು ತೋಟದ ಮೋಟಾರ್ ಮನೆಯಲ್ಲಿ, ಸ್ಟಾರ್ಟರ್ ಪಕ್ಕ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಬಂದರೆ ಏಳು ಗಂಟೆ ಇರುತ್ತದೆ.

“ಹನ್ನೆರಡು ಗಂಟೆ ಅಂತರ ಅಂದಿದ್ದೆವಲ್ಲಪ್ಪ?”

“ಅಷ್ಟೊತ್ತು ಕರೆಂಟ್ ಕೊಡ್ಸಿ ಸಾರ್, ನುಂಗ್ತೀನಿ.”

೪

ಅಂದೇ ಡಬ್ಬಿ ಅಡುಗೆಮನೆಗೆ ಬಂತು. ಹೆಂಡತಿಯ ಮೊಬೈಲಿನಲ್ಲಿ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಲಾರಂ. ಅಲ್ಲಿಂದ ಈಚೆಗೆ ಮೂರು ವರದಿ ಬಂದಿವೆ. ಮೂರೂ ಸಮ. ಇವತ್ತಿನದನ್ನು ತುಂಬಿದಾಗ ಗೆರೆ ಹಸಿರಾಗಿ ನೇರ ಹೋಯಿತು. ಡಾಕ್ಟರು ಎದ್ದು ಬಂದು ಪರದೆ ನೋಡಿದರು.

“ಕಿಡ್ನಿ ಚೆನ್ನಾಗಿದೆ ಕಣಮ್ಮ. ಇಷ್ಟು ಕಾದಿದ್ದೀಯ, ಇವನಿಂದ ಬಾಡಿಗೆ ಏನಾದರೂ ವಸೂಲಿ ಮಾಡಿದ್ಯಾ?”

“ಬುಡ್ತೀನಾ ಸಾರ್? ಆರಕ್ಕೆ ಮಾತ್ರೆ ನುಂಗ್ತಾನೆ. ಏಳಕ್ಕೆ ನಂಗೆ ಕಾಫಿ ಮಾಡಿ ತಂದ್ಕೊಡ್ಬೇಕು. ಕಾಫಿ ಬರ್ಲಿಲ್ಲ ಅಂದ್ರೆ ಮಾತ್ರೆ ಮರೆತವ್ನೆ ಅಂತ ಲೆಕ್ಕ. ಮದ್ವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಅಡುಗೆಮನೆ ಕಂಡ.”

ಗಂಡ ತಲೆ ತಗ್ಗಿಸಿ ನಗುತ್ತಿದ್ದ. ಅವಳು ನನ್ನ ಕಂಪ್ಯೂಟರಿನತ್ತ ಬಗ್ಗಿದಳು.

“ಸಾರ್, ಕಾಫಿದೂ ಒಸಿ ಇದಕ್ಕೆ ತುಂಬಿ. ಒಂದಿನ ಪಾಯಸ, ಒಂದಿನ ಕಷಾಯ. ಸಕ್ರೆ ಇನ್ನೂ ತ್ರೀ ಫೇಸಲ್ಲೇ ಅದೆ.”