ವಂದನಾರ್ಪಣೆಯ ಬಳಿಕ ಪಂದ್ಯ

ರಾಷ್ಟ್ರೀಯ ಅಗ್ರ ಫುಟ್‌ಬಾಲ್ ಲೀಗಿನ ಕಳೆದ ಸೀಸನ್ನಿನಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡದ ಏಕೈಕ ತಂಡ ನಮ್ಮ ಮೂರೂರು ಯುನೈಟೆಡ್ ಎಂಬುದನ್ನು ಸರ್ವರ ಅವಗಾಹನೆಗೆ ತರಲಾಗಿದೆ. ನಾವು ಗೋಲು ಹೊಡೆದೂ ಇಲ್ಲ. ಅದನ್ನೇ ಎತ್ತಿ ಆಡುವವರು ಕೆಲವರಿದ್ದಾರೆ. ಇರಲಿ, ಮುಂದಿನ ಸಲ ಅವರನ್ನೂ ವೇದಿಕೆಗೆ ಕರೆಯುವ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೇರಿ ಕಟ್ಟಿದ ತಂಡ ನಮ್ಮದು. ಯಾವ ಊರಿಗೂ ಹೆಚ್ಚು ಹತ್ತಿರವಾಗಬಾರದೆಂದು ಮೈದಾನ ಸಿದ್ಧಕಟ್ಟೆಯಲ್ಲಿ. ಅಧ್ಯಕ್ಷರು ಮುಂಬಯಿಯಲ್ಲಿ ಹೋಟೆಲಿರುವ ಲೋಕಯ್ಯ ಶೆಟ್ಟರು. ಗೌರವ ಕಾರ್ಯದರ್ಶಿ ನಾನು. ಗೋಲು ಹೊಡೆಯಲಿಕ್ಕೆ ಇದ್ದವ ತೋಡಾರಿನ ಫೈಝಲ್, ದುಬೈಯ ಒಳ್ಳೆಯ ಕೆಲಸ ಬಿಟ್ಟು ಬಂದವ. ಪ್ರಾಯ ಮೀರುತ್ತಾ ಇತ್ತು, ಭಾರತ ತಂಡಕ್ಕೆ ಸೇರುವುದಿದ್ದರೆ ಆ ವರ್ಷವೇ ಸೇರಬೇಕಿತ್ತು. ಅವನ ತಾಯಿ ಖತೀಜಮ್ಮ ಮಗ ಆಡುವುದನ್ನು ಒಮ್ಮೆಯೂ ಕಂಡವರಲ್ಲ. ಪ್ರತಿ ಪಂದ್ಯಕ್ಕೂ ಬಸ್ಸು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಸಭಾ ಕಾರ್ಯಕ್ರಮ ಇಲ್ಲದೆ ನಮ್ಮಲ್ಲಿ ಯಾವ ಆಟವೂ ಶುರುವಾಗುವುದಿಲ್ಲ. ಇದು ಇಡೀ ಜಿಲ್ಲೆಗೆ ಗೊತ್ತಿರುವ ವಿಷಯ, ಲೀಗಿನವರಿಗೆ ಮಾತ್ರ ಗೊತ್ತಿರಲಿಲ್ಲ. ವೇದಿಕೆ ಯಾವ ಊರಿನ ಕಡೆಗೂ ವಾಲಬಾರದೆಂದು ಮೈದಾನದ ನಟ್ಟನಡುವೆ ಹಾಕಿಸಿದೆವು. ಮೊದಲ ಪಂದ್ಯದಲ್ಲಿ ನಿರೂಪಕ ಶಿಶಿರ್, ಬೆಳ್ತಂಗಡಿಯ ಗಣ್ಯರೊಬ್ಬರ ಹೆಸರು ಬಿಟ್ಟ. ಅವರು ಎದ್ದು ಹೋದರು. ಸಮಾಧಾನ ಮಾಡಲಿಕ್ಕೆ ಮುಂದಿನ ಪಂದ್ಯಕ್ಕೆ ಅವರ ಬಳಗವನ್ನೇ ಕರೆದೆವು. ಆಗ ಬಂಟ್ವಾಳದವರಿಗೆ ಬೇಸರವಾಯಿತು. ಹೀಗೆ ವೇದಿಕೆ ಎರಡೂ ಪೆನಾಲ್ಟಿ ಬಾಕ್ಸುಗಳವರೆಗೆ ಬೆಳೆಯಿತು.

ಟಿ.ವಿ.ಗೆ ಕೊಟ್ಟ ಸಮಯದೊಳಗೆ ಪಂದ್ಯ ಶುರುವಾಗದಿದ್ದರೆ ಶೂನ್ಯ-ಶೂನ್ಯ ಸಮ ಎಂದು ಲೀಗಿನ ನಿಯಮ. ವಂದನಾರ್ಪಣೆ ಮುಗಿಯದೆ ಪಂದ್ಯ ಆರಂಭಿಸತಕ್ಕದ್ದಲ್ಲ ಎಂದು ನಮ್ಮ ನಿಯಮ. ಎರಡೂ ಚಾಚೂ ತಪ್ಪದೆ ಪಾಲನೆಯಾದವು. ಬಂದ ತಂಡಗಳು ಶಾಲು ಹೊದೆದು, ಹಣ್ಣಿನ ಬುಟ್ಟಿ ಹಿಡಿದು, ಒಂದು ಅಂಕದೊಂದಿಗೆ ಸಂತೋಷದಲ್ಲಿ ಹೋದವು. ಪರ ಊರಿನ ಪಂದ್ಯಗಳನ್ನು ಅಲ್ಲಲ್ಲಿಯ ನಮ್ಮ ಊರಿನವರ ಸಂಘಗಳು ಇದೇ ಕ್ರಮದಲ್ಲಿ ನಡೆಸಿಕೊಟ್ಟವು.

ಒಮ್ಮೆ ಲೀಗಿನ ಕಚೇರಿಯಿಂದ ಫೋನು ಬಂತು. ನಿಮ್ಮಲ್ಲಿ ನಿಜವಾಗಿ ಆಡುತ್ತಾರೋ ಇಲ್ಲವೋ ಎಂದು ಕೇಳಿದರು. ಎಂಥ ಪ್ರಶ್ನೆ! ಮುಖ್ಯ ಅತಿಥಿಗಳು ಮಾತಾಡಿದ್ದಾರೆ, ಅಧ್ಯಕ್ಷರು ನಾಲ್ಕು ಹಿತನುಡಿಗಳನ್ನಾಡಿದ್ದಾರೆ. ಗೋಲ್‌ಕೀಪರ್ ಕೈಯಲ್ಲಿ ಆಡಬಹುದಾದರೆ ಅಧ್ಯಕ್ಷರು ಬಾಯಲ್ಲಿ ಯಾಕೆ ಆಡಬಾರದು ಎಂದು ಕೇಳಿದೆ. ಅವರು ಪರಿಶೀಲಿಸುತ್ತೇವೆ ಎಂದರು. ಆಮೇಲೆ "ಆಡುವುದು" ಎಂಬಲ್ಲಿ "ಮಾತಾಡುವುದೂ ಸೇರಿದಂತೆ" ಎಂದು ತಿದ್ದುಪಡಿ ಬಂತು.

ಕೊನೆಯ ಪಂದ್ಯಕ್ಕೆ ಭಾರತ ತಂಡದ ಆಯ್ಕೆದಾರರು ಫೈಝಲನನ್ನೇ ನೋಡಲು ಬರುವವರಿದ್ದರು. ಅವ ಬೆಳಿಗ್ಗೆಯೇ ನನ್ನ ಮನೆಗೆ ಬಂದ.

"ಇವತ್ತೊಂದು ದಿನ ಆಡ್ಲಿಕ್ಕೆ ಬಿಡಿ ಸರ್. ಉಮ್ಮ ಪ್ರತಿ ಸಲ ಬಂದು ಕೂತ್ಕೊಂಡು ಹೋಗ್ತಾರೆ."

"ಆಡುವ ಮಾರಾಯ, ಯಾರು ಬೇಡ ಹೇಳಿದ್ದು? ವಂದನಾರ್ಪಣೆ ಒಂದು ಆಗ್ಲಿ."

ಹುಡುಗನ ಮುಖ ನೋಡಿ ನನಗೂ ಪಾಪ ಅನ್ನಿಸಿತು. ಅದಕ್ಕೇ ಅಧ್ಯಕ್ಷರಲ್ಲಿ ಹೇಳಿ ಅವನಿಗೂ ಒಂದು ಸನ್ಮಾನ ಇಡಿಸಿದೆ.

ಅಂದು ಶಿಶಿರ್ ವಂದನಾರ್ಪಣೆಯಲ್ಲಿ ಮೈಕಿನವರಿಗೆ, ಶಾಮಿಯಾನದವರಿಗೆ, ಗೋಳಿಬಜೆ ಕರಿದವರಿಗೆ ಧನ್ಯವಾದ ಹೇಳುತ್ತಿದ್ದ. ಫೈಝಲ್ ಪೇಟ, ಶಾಲು ಹಾಕಿಕೊಂಡು ವೇದಿಕೆಯಲ್ಲಿ ಕೂತಿದ್ದ. ಉದ್ಘಾಟನೆಯ ಚೆಂಡು ಹಾರ ಹಾಕಿಸಿಕೊಂಡು ಅವನ ಎದುರೇ ಇತ್ತು. ಇದ್ದಕ್ಕಿದ್ದಂತೆ ಎದ್ದ, ಹಾರ ತೆಗೆದ, ಒದ್ದ. ಚೆಂಡು ಗಣ್ಯರ ತಲೆಗಳ ಮೇಲಿಂದ ಹೋಗಿ ಬಲೆಯ ಮೂಲೆಗೆ ಬಿತ್ತು. ಸುಳ್ಳು ಯಾಕೆ ಹೇಳಬೇಕು, ನನ್ನ ಮೈಯೆಲ್ಲ ಜುಮ್ಮೆಂದಿತು.

ಆಯ್ಕೆದಾರರು ಆಗ ಶಾಲು ಹೊದಿಸಿಕೊಳ್ಳಲು ತಲೆ ಬಗ್ಗಿಸಿದ್ದರು. ಖತೀಜಮ್ಮನ ಎದುರಿಗೆ ಅಧ್ಯಕ್ಷರ ಫ್ಲೆಕ್ಸ್ ಇತ್ತು. ಅದರ ಹಿಂದಿನಿಂದ ಚೆಂಡೊಂದು ಹಾರಿದ್ದಷ್ಟೇ ಅವರಿಗೆ ಕಂಡದ್ದು. ಒದ್ದದ್ದು ಯಾರೆಂದು ಪಕ್ಕದವರಲ್ಲಿ ಕೇಳಿದರು. ಮುಖ್ಯ ಅತಿಥಿಗಳಿರಬೇಕು ಎಂದು ಅವರು ಹೇಳಿದರು.

ವಂದನಾರ್ಪಣೆಗೆ ಅಡ್ಡಿಪಡಿಸಿದ್ದಕ್ಕಾಗಿ ರೆಫರಿ ಉಸ್ಮಾನ್ ಫೈಝಲನಿಗೆ ಹಳದಿ ಕಾರ್ಡು ತೋರಿಸಿದರು. ಗೋಲು ರದ್ದಾಯಿತು. ಶಿಶಿರ್ ಧನ್ಯವಾದವನ್ನು ಮೊದಲಿನಿಂದ ಆರಂಭಿಸಿದ. ಭಾರತ ತಂಡದ ಪಟ್ಟಿಯಲ್ಲಿ ಫೈಝಲನ ಹೆಸರು ಬರಲಿಲ್ಲ.

ನಾವು ಕೈಬಿಡುವವರಲ್ಲ. ಈ ವರ್ಷದ ಮೊದಲ ಪಂದ್ಯಕ್ಕೆ ಅವನನ್ನು ಹಿರಿಯ ಆಟಗಾರ ಎಂದು ವೇದಿಕೆಯಲ್ಲೇ ಕೂರಿಸಿದೆವು. ಖತೀಜಮ್ಮನಿಗೆ ಕಾಣಲೆಂದು ಫ್ಲೆಕ್ಸನ್ನು ನಾನೇ ಸರಿಸಿದೆ. ಎರಡು ಮಾತಾಡು ಎಂದು ಮೈಕು ಕೊಟ್ಟರೆ ಅವ ಬೇಡವೆನ್ನಲಿಲ್ಲ. ಆ ಗೋಲನ್ನು ಹೇಗೆ ಹೊಡೆದೆ, ಕಾಲು ಎಲ್ಲಿಟ್ಟೆ, ಗಾಳಿ ಯಾವ ಕಡೆಯಿಂದಿತ್ತು ಎಂದು ಹೇಳುತ್ತಾ ಹೋದ. ಆಯೋಜಕರಿಗೆ, ಅಧ್ಯಕ್ಷರಿಗೆ, ಶಾಮಿಯಾನದವರಿಗೂ ಕೃತಜ್ಞತೆ ಸಲ್ಲಿಸಿದ. ಟಿ.ವಿ.ಯವರು ಸಮಯ ಮುಗಿಯಿತೆಂದು ಕ್ಯಾಮೆರಾ ಕಳಚಿದರೂ ನಿಲ್ಲಿಸಲಿಲ್ಲ. ಹುಡುಗ ಫಾರ್ಮಿಗೆ ಬಂದ ಎಂದು ಶೆಟ್ಟರು ನನ್ನ ಕಿವಿಯಲ್ಲಿ ಹೇಳಿದರು.

ಸಭೆ ಮುಗಿದ ಮೇಲೆ ಖತೀಜಮ್ಮ ನನ್ನ ಹತ್ತಿರ ಬಂದು ಕೈಮುಗಿದರು. ಕಣ್ಣು ಒದ್ದೆಯಾಗಿತ್ತು.

"ಅಂತೂ ನನ್ನ ಮಗ ಆಡುವುದನ್ನು ಕಂಡೆ," ಎಂದರು.