ಅಕ್ಕಗ ಅರ್ಧ, ತಂಗಿಗೆ ಅರ್ಧ

ಕೊಟ್ಟೂರಿನಾಗ ಔಷಧಿ ಅಂಗಡಿ ಇಟ್ಕೊಂಡು ಕುಂತಾಕಿ ನಾನು. ನಗು ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಡಾಕ್ಟರ ಚೀಟಿ ಹಿಡ್ಕೊಂಡು ಅದಾ ನಡ್ಕೊಂತ ಬರ್ತೈತಿ. ಕೆಲವು ಮಾತ್ರ ಮೊದ್ಲು ಎದಿ ಝಲ್ ಅನ್ನಿಸಿ, ಆಮ್ಯಾಲೆ ನಗಸ್ತಾವ.

ಅತ್ತಿಯ ಚಟ್ನಿಪುಡಿ

ಕೆಲವು ಔಷಧದಾಗ ಮಕ್ಕಳಿಗೆ ಆಗೋವಷ್ಟು ಸಣ್ಣ ಮಾತ್ರಿ ಸಿಗಂಗಿಲ್ಲ. ದೊಡ್ಡೋರ ಮಾತ್ರಿ ಅರೆದು, ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರಿ ಪುಡಿ ಬೆರೆಸಿ ಪೊಟ್ಟಣ ಕಟ್ಟಬೇಕು. ಎರಡನ್ನೂ ಒಮ್ಮೆಲೆ ಸುರುವಿ ಕಲಸಿದ್ರ ಔಷಧ ಒಂದು ಮೂಲಿ ಹಿಡ್ಕೊಂಡು ಕುಂತುಬಿಡ್ತೈತಿ. ಅದಕ್ಕ ಚಿಟಿಕಿ ಔಷಧಕ್ಕ ಚಿಟಿಕಿ ಸಕ್ಕರಿ. ಅದು ಕೂಡಿದ ಮ್ಯಾಲೆ ಮತ್ತ ಅದರಷ್ಟ ಸಕ್ಕರಿ. ಹಂಗ ಬೆಳೆಸ್ಕೊಂತ ಹೋಗಬೇಕು.

ಇದನ್ನ ನೋಡಿ ನಮ್ಮ ಅತ್ತಿಯೋರಿಗೆ ಮೈಯೆಲ್ಲಾ ಉರಿ. “ಇಷ್ಟೊತ್ತಿಗೆ ನಾನು ಮದುವಿ ಮನಿ ಚಟ್ನಿಪುಡಿ ಕಲಸಿ ಕೈ ತೊಳ್ಕೊಂತಿದ್ದೆ!”

“ಉಪ್ಪು ಒಂದ ಕಡಿ ಕುಂತ್ರ ಏನು ಮಾಡ್ತಿದ್ರಿ, ಅತ್ತಿ?”

“ಏನು ಮಾಡೋದು? ಉಪ್ಪು ಸಿಕ್ಕಾಂವ ನೀರು ಕುಡಿತಾನ. ಉಳಿದೋರು ಹೊಗಳಿ ಹೋಗ್ತಾರ.”

ಕೊಸರು

ಉಜ್ಜಿನಿಯ ಅಜ್ಜಿ ಒಬ್ಬಾಕಿ ಮೊಮ್ಮಗಳನ್ನ ಕರ್ಕೊಂಡು ಬಂದ್ಲು. ಹುಡುಗಿಗೆ ಫಿಟ್ಸ್. “ಆಡ್ಕೊಂತ ಇದ್ದಾಕಿ ಧೊಪ್ಪಂತ ಬೀಳ್ತಾಳವ್ವ, ಒಲಿ ಮುಂದ ಬಿದ್ರ ಏನ್ ಗತಿ?” ಅಂದ್ಲು ಅಜ್ಜಿ. ನಾನು ಒಂದೊಂದು ಪೊಟ್ಟಣಾನೂ ತೂಗಿ ಕಟ್ಟಿ ಕೊಟ್ಟೆ. ತಗೊಂಡಾಕಿ ಮತ್ತ ಸೆರಗು ಒಡ್ಡಿದ್ಲು.

“ಕೊಸರು ಹಾಕವ್ವ.”

“ಅಜ್ಜಿ, ಔಷಧಕ್ಕ ಕೊಸರು ಇರಂಗಿಲ್ರಿ. ಹೆಚ್ಚಾದ್ರೂ ಕೆಡಕು, ಕಡಿಮಿ ಆದ್ರೂ ಕೆಡಕು.”

“ಸಂತ್ಯಾಗ ಬದನಿಕಾಯಿ ಮಾರಾಕಿ ಕೊಡ್ತಾಳ. ಇಷ್ಟು ಓದಿದಾಕಿ, ನಿನಗ ಕೈ ಏಳವಲ್ದಲ್ಲ!”

ಡಾಕ್ಟರ ಫೋನು

ಸ್ವಲ್ಪ ದಿನಕ್ಕ ಡಾಕ್ಟರ ಫೋನ್ ಬಂತು. “ಹುಡುಗಿ ಮತ್ತ ಬಿದ್ದಾಳ್ರಿ. ಡೋಸ್ ಸರಿ ಬರ್ದೀನಿ. ನಿಮ್ಮ ಪುಡಿ ಸರಿಯಾಗಿ ಕೂಡೈತೇನು, ನೋಡ್ರಿ.”

ನನ್ನ ಕೈ ತಪ್ಪಿಗೆ ಒಂದು ಕೂಸು ಬೀಳೋದಾ? ಬ್ಯಾರೆ ಸಕ್ಕರ್ಯಾಗ ಚಿಟಿಕಿ ಬಣ್ಣ ಹಾಕಿ, ಅದಾ ರೀತಿ ಕಲಸಿ ನೋಡಿದೆ. ಒಂದು ಗೆರಿನೂ ಉಳಿಲಿಲ್ಲ, ಎಲ್ಲಾ ಒಂದ ಬಣ್ಣ. ಔಷಧಾನೂ ಹೊಸದಾಗಿ ಕಲಸಿ ಕಳಿಸಿದೆ.

ಅಷ್ಟಾದ್ರೂ ಹುಡುಗಿ ಮತ್ತ ಬಿದ್ಲು. ಅಜ್ಜಿ ಬಂದಾಗ ಕೂಡಿಸ್ಕೊಂಡು ಕೇಳಿದೆ: “ಪುಡಿ ಹೆಂಗ ಕೊಡ್ತೀರಿ? ಇದ್ದದ್ದು ಇದ್ದಂಗ ಹೇಳ್ರಿ.”

“ಹೆಂಗಂದ್ರ? ನಮ್ಮ ಮನ್ಯಾಗ ಏನು ಬಂದ್ರೂ ಸಮ ಪಾಲು. ಅಕ್ಕಗ ಅರ್ಧ, ತಂಗಿಗೆ ಅರ್ಧ. ಸಿಹಿ ಪುಡಿ ಅಕ್ಕಗಷ್ಟ ಕೊಟ್ರ ಸಣ್ಣಾಕಿ ಸೂರು ಹಾರಿ ಹೋಗೋ ಹಂಗ ಚೀರ್ತಾಳ.”

“ಅಯ್ಯೋ, ಸಣ್ಣಾಕಿ ಹೆಂಗದಾಳ?”

“ಚೊಲೊ ಅದಾಳ. ಸಾಲ್ಯಾಗ ಕುಂತಲ್ಲೇ ನಿದ್ದಿ ಹೊಡಿತಾಳಂತ ಟೀಚರ್ ಬೈತಾರ, ಅಷ್ಟ.”

ಅಲ್ಲೇ ಡಾಕ್ಟರಿಗೆ ಫೋನ್ ಹಚ್ಚಿದೆ. ಸಣ್ಣಾಕಿನ್ನೂ ಕರೆಸಿ ನೋಡಿದ್ರು, ದೇವರ ದಯಾ, ಔಷಧದ ನಿದ್ದಿ ಬಿಟ್ರ ಏನೂ ಆಗಿರಲಿಲ್ಲ. ಪೊಟ್ಟಣ ಪೊಟ್ಟಣ ಸಮ ಮಾಡಾಕ ನಾನು ಬೆವರು ಸುರಿಸಿದ್ರ, ಅಜ್ಜಿ ಅದನ್ನ ಮನ್ಯಾಗ ಇನ್ನೊಂದು ಸಲ ಸಮ ಮಾಡಿದ್ಲು!

ತಂಗಿಯ ಪಾಲು

ಬೈಯಾಕ ಬಾಯಿ ಬರಲಿಲ್ಲ. ಮೊಮ್ಮಕ್ಕಳಿಗೆ ಪಂಕ್ತಿಭೇದ ಮಾಡಬಾರ್ದು ಅನ್ನಾಕಿಗೆ ಏನಂತ ಬೈಲಿ? ಡಾಕ್ಟರನ್ನ ಕೇಳಿ, ಬರೀ ಸಕ್ಕರಿ ಹಾಕಿ ಹಳದಿ ಕಾಗದದಾಗ ಬ್ಯಾರೆ ಪೊಟ್ಟಣ ಕಟ್ಟಿದೆ. “ಬಿಳಿದು ಔಷಧ, ಪೂರ್ತಿ ಅಕ್ಕಗ. ಹಳದಿದು ಬರೀ ಸಕ್ಕರಿ, ತಂಗಿ ಪಾಲು” ಅಂತ ಕೈ ಮುಗಿದು ಹೇಳಿ ಕಳಿಸಿದೆ.

ಮುಂದಿನ ಸಲ ಅಜ್ಜಿ ಬಂದಾಗ ಹುಡುಗೇರಿಬ್ಬರೂ ಮುಂದ ಓಡ್ಕೊಂತ ಬಂದ್ರು. ಅಕ್ಕ ಒಂದ ಸಲನೂ ಬಿದ್ದಿರಲಿಲ್ಲ. ಖುಷಿಗೆ ನನ್ನ ಕಣ್ಣಾಗ ನೀರು ಬಂತು. “ನೋಡ್ರಿ ಅಜ್ಜಿ, ಬಿಳಿ ಪುಡಿ ಪೂರ್ತಿ ಹೊಟ್ಟಿಗೆ ಹೋದ್ರ ಹೆಂಗ ಕೆಲಸ ಮಾಡ್ತೈತಿ!”

ಅಜ್ಜಿ ಹತ್ರ ಸರಿದು ಮೆಲ್ಲಕ ಅಂದ್ಲು: “ಬಿಳಿದು ಇರ್ಲಿ ಬಿಡವ್ವ. ಹಳದಿ ಪುಡಿ ಭಾಳ ಜೋರೈತಿ! ಸಣ್ಣಾಕಿ ನಿದ್ದಿ ಗಿದ್ದಿ ಬಿಟ್ಟು ಮಗ್ಗಿ ಒದರಾಕ ಹತ್ಯಾಳ. ಬರೀ ಸಕ್ಕರಿ ಅಂತ ನನ್ನ ಮುಂದ ಮುಚ್ಚಿಡ್ತೀಯೇನು? ನನ್ನ ಮೊಣಕಾಲಿಗೂ ಒಂದಿಷ್ಟು ಕಟ್ಟು. ಅರ್ಧ ನಮ್ಮ ಮುದುಕಗ ಕೊಡ್ತೀನಿ.”